ಕಾರ್ಲೋಸ್ ಕ್ಲೈಬರ್ (1930–2004): ಕಾಲಾನುಕ್ರಮದ ಕೆಲವು ತೊಡಕುಗಳು

1. ವ್ಯಾಪ್ತಿ

ವಾದ್ಯವೃಂದ ನಿರ್ದೇಶಕ ಕಾರ್ಲೋಸ್ ಕ್ಲೈಬರ್ ಅವರ ಬಗ್ಗೆ ಬರೆದವರೆಲ್ಲ ಎರಡು ಮಾತುಗಳನ್ನು ತಪ್ಪದೆ ಹೇಳುತ್ತಾರೆ. ಒಂದು, ಅವರು ಅಸಾಧಾರಣ ಪ್ರತಿಭಾವಂತರು. ಇನ್ನೊಂದು, ಅವರು ಜನರಿಂದ ದೂರ ಉಳಿದವರು, ತೀರ ಕಡಿಮೆ ಕಛೇರಿ ನಡೆಸಿದವರು. ಮೊದಲನೆಯದು ರಸಾಭಿಪ್ರಾಯ, ಇಲ್ಲಿನ ಚರ್ಚೆಗೆ ಅದರ ಅಗತ್ಯವಿಲ್ಲ. ಎರಡನೆಯದು ಕಾಲಕ್ಕೆ ಸಂಬಂಧಿಸಿದ ಹೇಳಿಕೆಯಾದ್ದರಿಂದ ತೇದಿಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸಬಹುದು. ಹಾಗೆ ಪರಿಶೀಲಿಸಿದಾಗ, 'ಏಕಾಂತವಾಸಿ' ಎಂಬ ವಿವರಣೆ ಅವರ ವೃತ್ತಿಜೀವನದ ಉತ್ತರಾರ್ಧಕ್ಕೆ ಮಾತ್ರ, ಅದೂ ಕೆಲವು ಷರತ್ತುಗಳೊಂದಿಗೆ, ಹೊಂದುತ್ತದೆಂದು ತೋರುತ್ತದೆ. ಅದನ್ನು ಹಿಂದಿನ ವರ್ಷಗಳ ಮೇಲೂ ಹೊರಿಸಿರುವುದರಿಂದ ಕೆಲವು ಗೊಂದಲಗಳಾಗಿವೆ.

ಆಧಾರಗಳ ಮಟ್ಟ ಒಂದೇ ಅಲ್ಲ. ಅಲೆಕ್ಸಾಂಡರ್ ವೆರ್ನರ್ ಅವರ ಜರ್ಮನ್ ಜೀವನಚರಿತ್ರೆ (2008) ಇದುವರೆಗಿನ ವಿಸ್ತಾರವಾದ ಸಂಕಲನ. ಚಾರ್ಲ್ಸ್ ಬಾರ್ಬರ್ ಪ್ರಕಟಿಸಿದ ಪತ್ರವ್ಯವಹಾರ (2011) ಕ್ಲೈಬರ್ ಅವರದೇ ಮಾತು. ಆದರೆ ಅದು ಕೊನೆಯ ಒಂದೂವರೆ ದಶಕಕ್ಕೆ ಸೀಮಿತ. ಧ್ವನಿಮುದ್ರಿಕೆಗಳ ಹೊದಿಕೆಯ ಮೇಲೆ ಅಚ್ಚಾದ ತೇದಿಗಳು ಸಾಮಾನ್ಯವಾಗಿ ನಂಬಬಹುದಾದವು. ವಾದಕರ, ಗಾಯಕರ ನೆನಪುಗಳು ಬಹುಪಾಲು ಘಟನೆ ನಡೆದು ದಶಕಗಳಾದ ಮೇಲೆ ದಾಖಲಾದವು. ಬೇರೆ ಆಧಾರ ಒದಗಿದಾಗ ಮಾತ್ರ ಅವನ್ನು ತೇದಿ ನಿರ್ಣಯಕ್ಕೆ ಬಳಸುವುದು ಕ್ಷೇಮ.

2. ಜನನ, ಹೆಸರು, ವಲಸೆ

ಜನನ ಬರ್ಲಿನ್‌ನಲ್ಲಿ, 1930ರ ಜುಲೈ 3ರಂದು. ಹುಟ್ಟುಹೆಸರು ಕಾರ್ಲ್ ಲುಡ್ವಿಗ್ ಬೊನಿಫಾಸಿಯುಸ್ ಕ್ಲೈಬರ್. ತಂದೆ ಎರಿಖ್ ಕ್ಲೈಬರ್ (1890–1956) 1923ರಿಂದ ಬರ್ಲಿನ್ ಸರ್ಕಾರಿ ಆಪೆರಾದ ಪ್ರಧಾನ ಸಂಗೀತ ನಿರ್ದೇಶಕರು. ಆಲ್ಬನ್ ಬೆರ್ಗ್‌ನ 'ವೊಟ್ಸೆಕ್' ಮೊದಲ ಬಾರಿಗೆ ರಂಗಕ್ಕೆ ಬಂದದ್ದು (14 ಡಿಸೆಂಬರ್ 1925) ಅವರ ನಿರ್ದೇಶನದಲ್ಲಿ. ಆ ಪ್ರಯೋಗಕ್ಕೆ 137 ತಾಲೀಮುಗಳಾದುವೆಂಬ ಸಂಖ್ಯೆ ಬಹಳ ಪ್ರಚಾರದಲ್ಲಿದೆ. ವಾದ್ಯವೃಂದದ ಪೂರ್ಣ ತಾಲೀಮುಗಳು ಇದಕ್ಕಿಂತ ಬಹಳ ಕಡಿಮೆ. ಈ ಮನೆತನದ ಬಗ್ಗೆ ಹುಟ್ಟಿದ ಸಂಖ್ಯೆಗಳನ್ನು ಬಿಡಿಸಿ ನೋಡಬೇಕಾಗುತ್ತದೆ ಎಂಬುದಕ್ಕೆ ಇದು ಮೊದಲ ಉದಾಹರಣೆ. ತಾಯಿ ರೂತ್ ಗುಡ್‌ರಿಚ್ ಅಮೆರಿಕದ ಅಯೋವಾ ಮೂಲದವರು.

1934ರ ನವೆಂಬರ್ 30ರಂದು ಎರಿಖ್ ಬೆರ್ಗ್‌ನ 'ಲುಲು' ಆಪೆರಾದಿಂದ ಆಯ್ದ ಸಿಂಫನಿ ಭಾಗಗಳನ್ನು ಬರ್ಲಿನ್‌ನಲ್ಲಿ ನುಡಿಸಿದರು. ನಾಜಿ ಆಡಳಿತದೊಂದಿಗಿನ ಬಿರುಕು ಇದರೊಂದಿಗೆ ಬಹಿರಂಗವಾಯಿತು. ಮುಂದಿನ ತಿಂಗಳು ಅವರು ಹುದ್ದೆ ಬಿಟ್ಟರು, 1935ರಲ್ಲಿ ದೇಶ ಬಿಟ್ಟರು. ಕೆಲವು ಬರಹಗಳಲ್ಲಿ 1935ನ್ನೇ ಅರ್ಜೆಂಟೀನಾಕ್ಕೆ ಹೋದ ವರ್ಷವೆಂದು ಓದುವಂತೆ ವಾಕ್ಯಗಳಿವೆ. ಇದು ಸರಿಯಲ್ಲ. ಜರ್ಮನಿಯಿಂದ ಹೊರಟದ್ದಕ್ಕೂ ಕುಟುಂಬ ಬ್ಯೂನಸ್ ಐರಿಸ್‌ನಲ್ಲಿ ನೆಲೆಸಿದ್ದಕ್ಕೂ (ಸುಮಾರು 1940) ನಡುವೆ ಕೆಲವು ವರ್ಷಗಳ ಅಂತರವಿದೆ. 'ಕಾರ್ಲ್' ಎಂಬುದು 'ಕಾರ್ಲೋಸ್' ಆದದ್ದು ಸ್ಪ್ಯಾನಿಷ್ ಮಾತಿನ ಈ ನೆಲದಲ್ಲಿ.

3. ರಸಾಯನಶಾಸ್ತ್ರ ಮೊದಲೋ, ಸಂಗೀತ ಮೊದಲೋ

ಶಿಕ್ಷಣದ ವಿಷಯದಲ್ಲಿ ಎರಡು ಅನುಕ್ರಮಗಳು ಬಳಕೆಯಲ್ಲಿವೆ. ಒಂದರ ಪ್ರಕಾರ, 1949ರ ಸುಮಾರಿಗೆ ಜ್ಯೂರಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ, ಬಳಿಕ 1950ರಿಂದ ಬ್ಯೂನಸ್ ಐರಿಸ್‌ನಲ್ಲಿ ಸಂಗೀತ. ಇನ್ನೊಂದರ ಪ್ರಕಾರ, ಮೊದಲು 1950ರಲ್ಲಿ ಸಂಗೀತ, ತಂದೆಯ ಒತ್ತಾಯದಿಂದ 1952ರ ಸುಮಾರಿಗೆ ರಸಾಯನಶಾಸ್ತ್ರ, ಆಮೇಲೆ ಮತ್ತೆ ಸಂಗೀತ. ಹಳೆಯ ಸಂಗೀತ ಕೋಶಗಳು ಎರಡನೆಯದರ ಕಡೆಗೆ ಒಲಿದಿವೆ, ಈಚಿನ ಬರಹಗಳು ಮೊದಲನೆಯದರ ಕಡೆಗೆ. ಮ್ಯೂನಿಕ್‌ನ ಗೇರ್ಟ್ನರ್‌ಪ್ಲಾಟ್ಸ್ ರಂಗಮಂದಿರದಲ್ಲಿ 1952–53ರ ಹೊತ್ತಿಗೆ ಅವರು ತಾಲೀಮಿನ ಕೆಲಸಕ್ಕೆ ಸೇರಿದ್ದರೆಂಬುದನ್ನು ಎರಡೂ ಪಕ್ಷಗಳು ಒಪ್ಪುತ್ತವೆ. ಹಾಗಾಗಿ ಮೊದಲ ಅನುಕ್ರಮಕ್ಕೆ ಜಾಗ ಸಲೀಸಾಗಿ ಸಿಗುತ್ತದೆ. ಎರಡನೆಯದರಲ್ಲಿ ಒಂದೇ ವರ್ಷದೊಳಗೆ ಬಹಳ ತುರುಕಬೇಕಾಗುತ್ತದೆ. ಇಷ್ಟರಿಂದಲೇ ಎರಡನೆಯದು ಅಸಾಧ್ಯವೆನ್ನಲು ಬಾರದು. ಮೊದಲನೆಯದು ಹೆಚ್ಚು ಸಂಭವನೀಯ ಎನ್ನಬಹುದು.

ತಂದೆ ಮಗನನ್ನು ಸಂಗೀತದಿಂದ ದೂರ ಇಡಲು ನೋಡಿದರೆಂಬ ಮಾತನ್ನು ಈ ರಸಾಯನಶಾಸ್ತ್ರದ ಅಧ್ಯಾಯದ ಮೇಲೆಯೇ ಕಟ್ಟಲಾಗಿದೆ. ಅನುಕ್ರಮ ಮೊದಲನೆಯದಾದರೆ ಆ ಮಾತಿನ ಬಲ ಕುಗ್ಗುತ್ತದೆ: ಶಾಲೆ ಮುಗಿಸಿದ ಹುಡುಗನನ್ನು ವಿಜ್ಞಾನಕ್ಕೆ ಸೇರಿಸುವುದಕ್ಕೂ, ಸಂಗೀತ ಹಿಡಿದವನನ್ನು ಅದರಿಂದ ಬಿಡಿಸಿ ವಿಜ್ಞಾನಕ್ಕೆ ಕಳಿಸುವುದಕ್ಕೂ ವ್ಯತ್ಯಾಸವಿದೆ.

4. ಪೋಟ್ಸ್‌ಡಾಮ್: 1954 ಅಥವಾ 1955

ಯುರೋಪಿನಲ್ಲಿ ಅವರ ಮೊದಲ ರಂಗಪ್ರವೇಶ ಪೂರ್ವ ಜರ್ಮನಿಯ ಪೋಟ್ಸ್‌ಡಾಮ್‌ನಲ್ಲಿ. ಕೃತಿ ಕಾರ್ಲ್ ಮಿಲ್ಯೋಕರ್‌ನ ಆಪೆರೆಟ್ಟಾ 'ಗಾಸ್ಪರೋನೆ'. ನಿರ್ದೇಶಕನ ಹೆಸರು 'ಕಾರ್ಲ್ ಕೆಲರ್' ಎಂದಿತ್ತು. ತಂದೆಯ ಹೆಸರಿನ ನೆರಳು ಬೀಳದಿರಲೆಂದು ಇಟ್ಟುಕೊಂಡದ್ದೆಂಬುದು ಸಾಮಾನ್ಯ ವಿವರಣೆ, ಅದನ್ನು ಅನುಮಾನಿಸಲು ಕಾರಣವಿಲ್ಲ. ವರ್ಷವನ್ನು ಬಹುತೇಕ ಕೋಶಗಳು 1954 ಎನ್ನುತ್ತವೆ. ವಿವರವಾದ ಜೀವನಚರಿತ್ರೆಯ ಲೆಕ್ಕದಲ್ಲಿ ಅದು 1955ರ ಫೆಬ್ರವರಿ.

ಯುರೋಪಿನ ರಂಗಮಂದಿರಗಳ ವರ್ಷ ಶರತ್ಕಾಲದಿಂದ ಬೇಸಿಗೆಯವರೆಗೆ ನಡೆಯುತ್ತದೆ. '1954–55ರ ಹಂಗಾಮು' ಎಂಬ ನಮೂದನ್ನು ಕೋಶಕಾರರು '1954' ಎಂದು ಮೊಟಕುಗೊಳಿಸಿರುವುದು ಅಸಂಭವವಲ್ಲ. ಹಾಗಾದರೆ ಇಲ್ಲಿ ಎರಡು ಪರಂಪರೆಗಳಿಲ್ಲ, ಒಂದೇ ದಾಖಲೆಯ ಎರಡು ಓದುಗಳಿವೆ. ಎರಿಖ್ ಕ್ಲೈಬರ್ ತೀರಿಕೊಂಡದ್ದು 1956ರ ಜನವರಿ 27ರಂದು ಜ್ಯೂರಿಕ್‌ನಲ್ಲಿ (ಮೊಟ್ಸಾರ್ಟ್ ಹುಟ್ಟಿ ಅಂದಿಗೆ ಸರಿಯಾಗಿ 200 ವರ್ಷ, ಕಾಕತಾಳೀಯವೆಂಬುದಕ್ಕಿಂತ ಹೆಚ್ಚಿನ ಅರ್ಥ ಇದಕ್ಕೆ ಬೇಡ). ಅಂದರೆ, 1955ರ ಫೆಬ್ರವರಿಯನ್ನು ಒಪ್ಪಿದರೆ, ತಂದೆಯ ಜೀವಿತಕಾಲದಲ್ಲಿ ಮಗನಿಗೆ ಯುರೋಪಿನ ರಂಗದಲ್ಲಿ ಸಿಕ್ಕಿದ್ದು ಒಂದು ವರ್ಷಕ್ಕೂ ಕಡಿಮೆ ಅವಧಿ. ಕೋಶಗಳ 1954ನ್ನು ಒಪ್ಪಿದರೆ ಇದು ಎರಡು ವರ್ಷಗಳಿಗೆ ಹತ್ತಿರವಾಗಬಹುದು. ತಂದೆ-ಮಗನ ಸಂಬಂಧದ ಬಗ್ಗೆ ಬರೆಯುವವರಿಗೆ ಈ ವ್ಯತ್ಯಾಸ ಮುಖ್ಯವಾಗಬೇಕು.

5. ಸಂಬಳದ ವರ್ಷಗಳು

ಡ್ಯೂಸೆಲ್‌ಡಾರ್ಫ್–ಡ್ಯೂಯಿಸ್‌ಬುರ್ಗ್‌ನ ರೈನ್ ಆಪೆರಾದಲ್ಲಿ 1964ರವರೆಗೆ, ಜ್ಯೂರಿಕ್‌ನಲ್ಲಿ 1964–66, ಸ್ಟುಟ್‌ಗಾರ್ಟ್‌ನಲ್ಲಿ 1966ರಿಂದ. ಡ್ಯೂಸೆಲ್‌ಡಾರ್ಫ್‌ನ ಆರಂಭ ಕೆಲವೆಡೆ 1956, ಕೆಲವೆಡೆ 1958. ಮೊದಲು ಗಾಯಕರಿಗೆ ಪಿಯಾನೋ ಮೇಲೆ ಪಾಠ ಕೂರಿಸುವ ಸಹಾಯಕ, ನಂತರ ಕಪೆಲ್‌ಮೈಸ್ಟರ್ (ರಂಗಮಂದಿರದ ಖಾಯಂ ನಿರ್ದೇಶಕ) ಎಂಬ ಎರಡು ಹಂತಗಳನ್ನು ಬೇರ್ಪಡಿಸಿದರೆ ಈ ವಿರೋಧವೂ ಕರಗುತ್ತದೆ. ಸ್ಟುಟ್‌ಗಾರ್ಟ್‌ನ ಕೊನೆಯ ವರ್ಷವೂ ಹೀಗೆಯೇ: 1973 ಎಂಬುದು ಹೆಚ್ಚು ಪ್ರಚಲಿತ, ಆದರೆ 1968ರಿಂದಲೇ ಅವರ ಕೆಲಸದ ಭಾರ ಮ್ಯೂನಿಕ್‌ನ ಬವೇರಿಯಾ ಸರ್ಕಾರಿ ಆಪೆರಾದ ಕಡೆಗೆ ವಾಲಿತ್ತು. ಸ್ಟುಟ್‌ಗಾರ್ಟ್ ಅವರ ಕೊನೆಯ ಖಾಯಂ ಹುದ್ದೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಈ ಒಂದೂವರೆ ದಶಕಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಖಾಯಂ ಹುದ್ದೆಯ ನಿರ್ದೇಶಕ ತನಗೆ ಬೇಕಾದ ಕೃತಿಯನ್ನೇ ಆರಿಸಿಕೊಳ್ಳಲಾಗದು. ಆಪೆರೆಟ್ಟಾ, ಬ್ಯಾಲೆ, ಇನ್ನೊಬ್ಬರು ತಾಲೀಮು ಮಾಡಿಸಿದ ಪ್ರಯೋಗದ ಮರುಪ್ರದರ್ಶನ, ಎಲ್ಲವೂ ಪಾಲಿಗೆ ಬರುತ್ತವೆ. ಮುಂದೆ ಬೆರಳೆಣಿಕೆಯ ಕೃತಿಗಳಿಗೆ ಸೀಮಿತರಾದರೆಂದು ಹೆಸರಾದವರು ಮೊದಲು ಇಂಥ ಅಡುಗೆಮನೆಯಲ್ಲಿ ಪಳಗಿದ್ದರು. ಕೃತಿಗಳ ಪಟ್ಟಿ ಕಿರಿದಾದದ್ದು ಆಯ್ಕೆಯಿಂದ; ಪರಿಚಯದ ಕೊರತೆಯಿಂದಲ್ಲ.

6. ಅತಿಥಿಯಾಗಿ: 1966–1999

ಸ್ಟುಟ್‌ಗಾರ್ಟ್ ತಂಡದೊಂದಿಗೆ ಎಡಿನ್‌ಬರೋದಲ್ಲಿ 'ವೊಟ್ಸೆಕ್' 1966ರಲ್ಲಿ. ವಿಯೆನ್ನಾ ಸರ್ಕಾರಿ ಆಪೆರಾದಲ್ಲಿ ಮೊದಲ 'ಟ್ರಿಸ್ಟನ್' 1973ರಲ್ಲಿ. ಲಂಡನ್‌ನ ಕೋವೆಂಟ್ ಗಾರ್ಡನ್‌ನಲ್ಲಿ 'ರೋಸೆನ್‌ಕವಲಿಯರ್' 1974ರಲ್ಲಿ. ಅದೇ ವರ್ಷದಿಂದ 1976ರವರೆಗೆ ಬೈರೋಯ್ಟ್‌ನಲ್ಲಿ 'ಟ್ರಿಸ್ಟನ್'. 1976ರ ಡಿಸೆಂಬರ್ 7ರಂದು ಮಿಲಾನ್‌ನ ಲಾ ಸ್ಕಾಲಾದಲ್ಲಿ 'ಒಥೆಲ್ಲೋ'. 1977ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ. 1978ರಲ್ಲಿ ಮತ್ತು 1983ರಲ್ಲಿ ಷಿಕಾಗೋ ಸಿಂಫನಿ. 1973ರಿಂದ 1978ರವರೆಗಿನ ಈ ಆರು ವರ್ಷಗಳನ್ನು ಏಕಾಂತವೆಂದು ಕರೆಯಲು ಯಾವ ಆಧಾರವೂ ಇಲ್ಲ.

ಇಳಿಮುಖ ಕಾಣುವುದು 1980ರ ದಶಕದಲ್ಲಿ. 1981ರಲ್ಲಿ ಲಂಡನ್ ಸಿಂಫನಿ ವಾದ್ಯವೃಂದದೊಂದಿಗೆ ನಡೆಸಿದ ಕಛೇರಿಗೆ ಪತ್ರಿಕೆಗಳ ವಿಮರ್ಶೆ ಕಟುವಾಗಿತ್ತು. ಆಮೇಲೆ ಲಂಡನ್‌ನ ಕಛೇರಿ ವೇದಿಕೆಗೆ ಅವರು ಬರಲಿಲ್ಲ. ಎರಡನೆಯದು ಮೊದಲನೆಯದರ ಫಲವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅನುಕ್ರಮ ನಿಜ, ಕಾರ್ಯಕಾರಣ ಊಹೆ. ಅದೇ ನಗರದ ಆಪೆರಾಕ್ಕೆ 1987ರಲ್ಲೂ 1990ರಲ್ಲೂ 'ಒಥೆಲ್ಲೋ'ಗಾಗಿ ಮರಳಿದ್ದರೆಂಬುದನ್ನೂ ಪಕ್ಕದಲ್ಲಿ ಇಟ್ಟು ನೋಡಬೇಕು. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಆಪೆರಾದಲ್ಲಿ ಅವರ ಪ್ರವೇಶವೇ 1988ರಲ್ಲಿ ('ಲಾ ಬೋಹೆಮ್'), 1990ರವರೆಗೆ ಅಲ್ಲಿ ಪ್ರತಿ ವರ್ಷ ನಿರ್ದೇಶಿಸಿದರು. ವಿಯೆನ್ನಾ ಫಿಲ್‌ಹಾರ್ಮೋನಿಕ್‌ನ ಹೊಸವರ್ಷದ ಕಛೇರಿಗಳು 1989 ಮತ್ತು 1992ರಲ್ಲಿ. ಬರ್ಲಿನ್ ಫಿಲ್‌ಹಾರ್ಮೋನಿಕ್‌ನೊಂದಿಗೆ 1989ರ ಮಾರ್ಚ್ ಮತ್ತು 1994ರ ಜೂನ್.

ಜಪಾನಿನ ವಿಷಯ ಇನ್ನೂ ಸ್ಪಷ್ಟ. 1974, 1981, 1986, 1988, 1994 ಹೀಗೆ ಐದು ಪ್ರವಾಸಗಳು ದಾಖಲಾಗಿವೆ. ಜನಸಂಪರ್ಕಕ್ಕೆ ಅಂಜಿದವರ ಪ್ರಯಾಣಪಟ್ಟಿ ಇದಲ್ಲ. ಅವರ ಕೊನೆಯ ಆಪೆರಾ ಪ್ರದರ್ಶನಗಳು ನಡೆದದ್ದೂ ಟೋಕಿಯೋದಲ್ಲಿಯೇ, 1994ರ ಅಕ್ಟೋಬರ್‌ನಲ್ಲಿ, ವಿಯೆನ್ನಾ ತಂಡದ 'ರೋಸೆನ್‌ಕವಲಿಯರ್'. ಅಲ್ಲಿಂದ ಮುಂದಿನದು ನಿಜಕ್ಕೂ ವಿರಳ: 1996ರ ಏಪ್ರಿಲ್‌ನಲ್ಲಿ ಇಂಗೊಲ್‌ಸ್ಟಾಟ್, 1997ರ ಜೂನ್‌ನಲ್ಲಿ ಲುಬ್ಲಿಯಾನಾ, 1999ರ ಜನವರಿ–ಫೆಬ್ರವರಿಯಲ್ಲಿ ಬವೇರಿಯಾ ರೇಡಿಯೊ ವಾದ್ಯವೃಂದದೊಂದಿಗೆ ಕೆನರಿ ದ್ವೀಪಗಳಿಂದ ಸಾರ್ಡೀನಿಯಾದ ಕಾಲ್ಯರಿವರೆಗಿನ ಪ್ರವಾಸ. ಇಂಗೊಲ್‌ಸ್ಟಾಟ್‌ನ ಕಛೇರಿ ಆಡಿ ಕಾರು ಕಂಪನಿ ಏರ್ಪಡಿಸಿದ್ದು. ಸಂಭಾವನೆಯ ಭಾಗವಾಗಿ ಕಾರೊಂದನ್ನು ಪಡೆದರೆಂಬುದು ವ್ಯಾಪಕ ವದಂತಿ. ಹಾಗೆಯೇ, ಮನೆಯ ಶೀತಪೆಟ್ಟಿಗೆ ಖಾಲಿಯಾದಾಗ ಮಾತ್ರ ಕ್ಲೈಬರ್ ಕಛೇರಿ ಒಪ್ಪುತ್ತಾರೆಂದು ನಿರ್ದೇಶಕ ಕಾರಾಯಾನ್ ಹೇಳಿದ್ದಾಗಿ ಪ್ರತೀತಿ. ಎರಡೂ ಸ್ವಾರಸ್ಯಕರ, ಕಾಲಾನುಕ್ರಮಕ್ಕೆ ಅವುಗಳಿಂದ ಪ್ರಯೋಜನವಿಲ್ಲ.

7. '96 ಕಛೇರಿ, 400 ಆಪೆರಾ'

ಇಡೀ ಜೀವಮಾನದಲ್ಲಿ 96 ಕಛೇರಿ, ಸುಮಾರು 400 ಆಪೆರಾ ಪ್ರದರ್ಶನ ಎಂಬ ಲೆಕ್ಕ ಮತ್ತೆ ಮತ್ತೆ ಉಲ್ಲೇಖವಾಗುತ್ತದೆ. ಕಛೇರಿಗಳ ಸಂಖ್ಯೆ ನಂಬಲರ್ಹ. ಅವರ ಸಿಂಫನಿ ಕಛೇರಿಗಳು ಕಡಿಮೆಯೇ. ಆಪೆರಾದ ಸಂಖ್ಯೆಯ ಬಗ್ಗೆ ಸಂದೇಹ ಉಳಿಯುತ್ತದೆ. ಡ್ಯೂಸೆಲ್‌ಡಾರ್ಫ್, ಜ್ಯೂರಿಕ್, ಸ್ಟುಟ್‌ಗಾರ್ಟ್‌ಗಳ ಖಾಯಂ ವರ್ಷಗಳಿಗೆ ಹಂಗಾಮೊಂದಕ್ಕೆ ಸಾಧಾರಣ ಪ್ರಮಾಣದ ಪ್ರದರ್ಶನಗಳನ್ನು ಹಿಡಿದರೂ 400ರ ದೊಡ್ಡ ಪಾಲು ಅಲ್ಲಿಯೇ ಮುಗಿದುಹೋಗುತ್ತದೆ. ಮ್ಯೂನಿಕ್‌ನ ದೀರ್ಘ ಅವಧಿಗೆ, ಅಲ್ಲಿ ವರ್ಷ ವರ್ಷವೂ ಮರುಕಳಿಸಿದ 'ಫ್ಲೇಡರ್‌ಮೌಸ್' ಮತ್ತು 'ರೋಸೆನ್‌ಕವಲಿಯರ್' ಪ್ರದರ್ಶನಗಳಿಗೆ ಜಾಗ ಉಳಿಯುವುದಿಲ್ಲ. ಈ ಲೆಕ್ಕ ಆರಂಭದ ವರ್ಷಗಳನ್ನು, ಅಥವಾ ಆಪೆರೆಟ್ಟಾ ಮತ್ತು ಬ್ಯಾಲೆಗಳನ್ನು, ಹೊರಗಿಟ್ಟಿರಬಹುದು. ಏನನ್ನು ಎಣಿಸಿದೆ ಎಂದು ಹೇಳದ ಸಂಖ್ಯೆಯನ್ನು 'ಇಡೀ ಜೀವಮಾನ' ಎಂಬ ಮಾತಿನ ಜೊತೆ ಬಳಸದಿರುವುದು ಮೇಲು.

8. ವಿಯೆನ್ನಾ, ಡಿಸೆಂಬರ್ 1982

ಬೀಥೋವನ್‌ನ ನಾಲ್ಕನೆಯ ಸಿಂಫನಿಯ ತಾಲೀಮಿನಲ್ಲಿ ವಿಯೆನ್ನಾ ಫಿಲ್‌ಹಾರ್ಮೋನಿಕ್‌ನೊಂದಿಗೆ ಮನಸ್ತಾಪವಾಗಿ ಕ್ಲೈಬರ್ ಎದ್ದು ಹೋದರು. ಎರಡನೆಯ ಚಲನದ ಆರಂಭದಲ್ಲಿ ಎರಡನೆಯ ಪಿಟೀಲುಗಳು ನುಡಿಸುವ ಕುಂಟುಲಯದ ತುಣುಕು 'ತೆರೇಸೆ' ಎಂದು ಕರೆದಂತೆ ಕೇಳಬೇಕು, ನೀವು ನುಡಿಸುತ್ತಿರುವುದು 'ಮರೀ' ಎಂದು ಕೇಳುತ್ತಿದೆ ಎಂಬುದು ಅವರ ತಕರಾರಾಗಿತ್ತೆಂದು ವರದಿ. ಬೀಥೋವನ್ ಬದುಕಿನಲ್ಲಿ ತೆರೇಸೆ ಬ್ರೂನ್ಸ್‌ವಿಕ್ ಎಂಬ ಕುಲೀನ ಮಹಿಳೆಯ ಸ್ಥಾನ ತಿಳಿದದ್ದೇ (78ನೆಯ ಕೃತಿಸಂಖ್ಯೆಯ ಪಿಯಾನೋ ಸೊನಾಟಾ ಆಕೆಗೆ ಅರ್ಪಿತ). ಸಿಂಫನಿಯ ಆ ತುಣುಕಿಗೆ ಆಕೆಯ ಹೆಸರನ್ನು ಅಂಟಿಸಲು ಸ್ವರಲಿಪಿಯಲ್ಲಿ ಆಧಾರವಿಲ್ಲ. ಆದರೆ ಸ್ವರದ ಉಚ್ಚಾರಣೆಯನ್ನು ವಾದಕರಿಗೆ ಮುಟ್ಟಿಸುವ ಉಪಾಯವಾಗಿ ಅದು ತಾಳೆಯಾಗುತ್ತದೆ. ಎಲ್ಲಿ ಒತ್ತು, ಎಲ್ಲಿ ಬಿಡುಗಡೆ ಎಂಬುದನ್ನು ಮೂರಕ್ಷರದ ಹೆಸರು ಹೇಳಿಬಿಡುತ್ತದೆ.

ಈ ಪ್ರಸಂಗವನ್ನು ಅವರ ಚಂಚಲತೆಗೆ ಸಾಕ್ಷಿಯೆಂದು ಉದ್ಧರಿಸುವವರು ಅದರ ಹಿಂದುಮುಂದಿನ ತೇದಿಗಳನ್ನು ಬಿಟ್ಟುಬಿಡುತ್ತಾರೆ. ಅದೇ ಸಿಂಫನಿಯನ್ನು ಅದೇ ವರ್ಷದ ಮೇ 3ರಂದು ಮ್ಯೂನಿಕ್‌ನಲ್ಲಿ, ನಿರ್ದೇಶಕ ಕಾರ್ಲ್ ಬ್ಯೋಮ್ ಸ್ಮರಣೆಯ ಕಛೇರಿಯಲ್ಲಿ, ಅವರು ನುಡಿಸಿದ್ದರು. 1983ರ ಅಕ್ಟೋಬರ್‌ನಲ್ಲಿ ಆಮ್ಸ್‌ಟರ್‌ಡಾಂನ ಕನ್ಸರ್ಟ್‌ಗೆಬೌ ವಾದ್ಯವೃಂದದೊಂದಿಗೆ ಮತ್ತೆ ನುಡಿಸಿ ಚಿತ್ರೀಕರಣಕ್ಕೂ ಒಪ್ಪಿದರು. ಬಿಟ್ಟುಹೋದದ್ದು ಕೃತಿಯನ್ನಲ್ಲ, ಒಂದು ವಾದ್ಯವೃಂದವನ್ನು, ಅದನ್ನೂ ತಾತ್ಕಾಲಿಕವಾಗಿ.

9. ತಂದೆಯ ಪ್ರತಿಗಳು: ಏಳನೆಯ ಸಿಂಫನಿಯ ಕೊನೆಯ ಸ್ವರಗಳು

ಕಾರ್ಲೋಸ್ ಆರಿಸಿಕೊಂಡ ಕೃತಿಗಳಲ್ಲಿ ಹೆಚ್ಚಿನವು ತಂದೆಯ ಪಟ್ಟಿಯಲ್ಲಿಯೂ ಇದ್ದವು: 'ವೊಟ್ಸೆಕ್', 'ರೋಸೆನ್‌ಕವಲಿಯರ್', 'ಫ್ರೈಶ್ಯೂಟ್ಸ್', ಬೀಥೋವನ್‌ನ ಐದು, ಆರು, ಏಳು. ತಂದೆ ಗುರುತು ಹಾಕಿದ ಪ್ರತಿಗಳನ್ನು ಅವರು ಅಧ್ಯಯನ ಮಾಡುತ್ತಿದ್ದರು. ತಾವೇ ಗುರುತಿಸಿದ ವಾದ್ಯಭಾಗಗಳನ್ನು ಕಛೇರಿಗೆ ಒಯ್ಯುತ್ತಿದ್ದರು. ಈ ಆನುವಂಶಿಕತೆಯನ್ನು ಕಿವಿಯಿಂದಲೇ ಪರೀಕ್ಷಿಸಬಹುದಾದ ಒಂದು ಜಾಗವಿದೆ.

ಏಳನೆಯ ಸಿಂಫನಿಯ ಎರಡನೆಯ ಚಲನದ ತುದಿಯಲ್ಲಿ ಪಿಟೀಲುಗಳು ಮೊದಲು ತಂತಿ ಮೀಟಿ, ಕಟ್ಟಕಡೆಯ ಸ್ವರಗಳಲ್ಲಿ ಕಮಾನಿಗೆ ಮರಳಬೇಕೆಂದು ರೂಢಿಯ ಮುದ್ರಿತ ಪ್ರತಿಗಳು ಸೂಚಿಸುತ್ತವೆ. ಕಾರ್ಲೋಸ್ ಇದನ್ನು ಪಾಲಿಸುವುದಿಲ್ಲ, ಕೊನೆಯವರೆಗೂ ಮೀಟಿಸುತ್ತಾರೆ. ವಿಯೆನ್ನಾದ ಸ್ಟುಡಿಯೊ ಮುದ್ರಿಕೆಯಲ್ಲಿ ಇದು ನಿಚ್ಚಳ. ಎರಿಖ್ ಕೂಡ ಹೀಗೆಯೇ ಮಾಡುತ್ತಿದ್ದರು. ಕಮಾನಿನ ಸೂಚನೆ ಬೀಥೋವನ್‌ನ ಕೈಬರಹವಲ್ಲ ಎಂಬ ವಾದ ಈ ಪದ್ಧತಿಯ ಹಿಂದಿದೆ. ಒಟ್ಟೊ ಕ್ಲೆಂಪೆರರ್ ಕೂಡ ಇದನ್ನೇ ಅನುಸರಿಸಿದರು. ಹಾಗಾಗಿ ಇದನ್ನು ಕೇವಲ ಮನೆತನದ ಗುಟ್ಟೆನ್ನಲು ಬಾರದು. ಆದರೂ ಬಹುಪಾಲು ನಿರ್ದೇಶಕರು ಅನುಸರಿಸದ ಒಂದು ಪಾಠಾಂತರವನ್ನು ತಂದೆ-ಮಗ ಇಬ್ಬರೂ ಹಿಡಿದಿರುವಾಗ, ಅದು ತಂದೆಯ ಪ್ರತಿಯಿಂದ ಬಂದಿತೆಂಬುದು ಸಹಜ ಊಹೆ. ಪಾಠನಿರ್ಣಯದಲ್ಲಿ ಹಸ್ತಪ್ರತಿಗಳ ಸಂಬಂಧವನ್ನು ಸಮಾನ ಪಾಠಾಂತರಗಳಿಂದ ಗುರುತಿಸುವ ಕ್ರಮವೇ ಇದು.

ತಾಲೀಮಿನ ವಿಧಾನಕ್ಕೆ ಎರಡು ನೇರ ಆಧಾರಗಳಿವೆ. ಒಂದು, 1970ರಲ್ಲಿ ಸ್ಟುಟ್‌ಗಾರ್ಟ್‌ನ ರೇಡಿಯೊ ವಾದ್ಯವೃಂದದೊಂದಿಗೆ 'ಫ್ರೈಶ್ಯೂಟ್ಸ್' ಮತ್ತು 'ಫ್ಲೇಡರ್‌ಮೌಸ್' ಪೂರ್ವರಂಗಗಳ ತಾಲೀಮನ್ನು ಸೆರೆಹಿಡಿದ ಚಿತ್ರ. ಅಲ್ಲಿ ತಾಂತ್ರಿಕ ಸೂಚನೆಗಿಂತ ಉಪಮಾನವೇ ಹೆಚ್ಚು; ಪ್ರತಿ ಉಪಮಾನದ ಬೆನ್ನಿಗೆ ಅದೇ ಸಾಲನ್ನು ಮತ್ತೆ ನುಡಿಸಿ ಪರೀಕ್ಷಿಸುವುದೂ ಕಾಣುತ್ತದೆ. ಇನ್ನೊಂದು, ಪ್ರದರ್ಶನಗಳ ನಡುವೆ ವಾದಕರ ಸ್ಟ್ಯಾಂಡಿನ ಮೇಲೆ ಅವರು ಇಟ್ಟುಹೋಗುತ್ತಿದ್ದ ಚೀಟಿಗಳು. ವಾದಕರ ಬಾಯಲ್ಲಿ ಇವು 'ಕ್ಲೈಬರ್‌ಗ್ರಾಂ'.

10. ಮೌನದ ಪ್ರಮಾಣ

ಕ್ಲೈಬರ್ ಸಂದರ್ಶನ ಕೊಡುತ್ತಿರಲಿಲ್ಲ. ಸುಮಾರು 1960ರ ಒಂದು ರೇಡಿಯೊ ಸಂಭಾಷಣೆ ಇದಕ್ಕೆ ಅಪವಾದವಾಗಿ ಉಳಿದಿದೆ. ಆದರೆ ಸಂದರ್ಶನ ಕೊಡದಿರುವುದೂ ಮಾತನಾಡದಿರುವುದೂ ಒಂದೇ ಅಲ್ಲ. 1989ರಲ್ಲಿ ಸೆರ್ಜಿಯು ಚೆಲಿಬಿಡಾಕೆ 'ಡೇರ್ ಸ್ಪೀಗಲ್' ಪತ್ರಿಕೆಯಲ್ಲಿ ಇತರ ನಿರ್ದೇಶಕರನ್ನು ಹೀಗಳೆದಾಗ, ಸ್ವರ್ಗದಿಂದ ತೊಸ್ಕಾನಿನಿ ಕಳಿಸಿದ ಟೆಲೆಕ್ಸ್ ಎಂಬ ರೂಪದಲ್ಲಿ ಕ್ಲೈಬರ್ ಅದೇ ಪತ್ರಿಕೆಗೆ ವಿಡಂಬನೆ ಬರೆದರು. ಅದೇ ವರ್ಷ ಶುರುವಾದ ಬಾರ್ಬರ್ ಪತ್ರವ್ಯವಹಾರ ಹೆಚ್ಚುಕಡಿಮೆ ಕ್ಲೈಬರ್ ಅವರ ಕೊನೆಗಾಲದವರೆಗೆ ನಡೆಯಿತು: ಬಾರ್ಬರ್ ಹಳೆಯ ನಿರ್ದೇಶಕರ ವಿಡಿಯೊಗಳನ್ನು ಕಳಿಸುತ್ತಿದ್ದರು, ಕ್ಲೈಬರ್ ಅಭಿಪ್ರಾಯ ಬರೆಯುತ್ತಿದ್ದರು. ಚುಟುಕು, ಚೇಷ್ಟೆ, ಆತ್ಮವಿಡಂಬನೆಯಿಂದ ತುಂಬಿದ ಆ ಕಾಗದಗಳು ಮುನಿಸಿಕೊಂಡ ಸಂನ್ಯಾಸಿಯ ಚಿತ್ರಕ್ಕೆ ಒಗ್ಗುವುದಿಲ್ಲ.

11. ಮರಣ

2004ರ ಜುಲೈ 13, ಸ್ಲೊವೇನಿಯಾದ ಕೊನ್ಯಿಶಿತ್ಸಾ. ಇದು ಪತ್ನಿ, ಬ್ಯಾಲೆ ಕಲಾವಿದೆ ಸ್ತಾನಿಸ್ಲಾವಾ ಬ್ರೆಜೊವರ್ ಅವರ ನಾಡು. ಅವರು 2003ರ ಡಿಸೆಂಬರ್‌ನಲ್ಲಿ ತೀರಿಕೊಂಡಿದ್ದರು. ಕ್ಲೈಬರ್ ಸಾವಿನ ಸುದ್ದಿ ಹೊರಬಿದ್ದದ್ದು ಜುಲೈ 19ರ ಸುಮಾರಿಗೆ. ಪತ್ರಿಕೆಗಳ ಶ್ರದ್ಧಾಂಜಲಿಗಳ ತೇದಿಯನ್ನು ನೋಡಿ ಮರಣದ ದಿನವನ್ನು ಊಹಿಸಬಾರದು.

2011ರಲ್ಲಿ 'ಬಿಬಿಸಿ ಮ್ಯೂಸಿಕ್' ಪತ್ರಿಕೆ ನೂರು ಮಂದಿ ವೃತ್ತಿನಿರತ ನಿರ್ದೇಶಕರನ್ನು ಕೇಳಿ ಪ್ರಕಟಿಸಿದ ಪಟ್ಟಿಯಲ್ಲಿ ಕ್ಲೈಬರ್ ಮೊದಲ ಸ್ಥಾನದಲ್ಲಿದ್ದರು. ಇಂಥ ಪಟ್ಟಿ ತೋರಿಸುವುದು ಒಂದು ತಲೆಮಾರಿನ ಸಹವೃತ್ತಿಗರ ಗೌರವವನ್ನು. ಅಷ್ಟರ ಮಟ್ಟಿಗೆ ಅದು ಮೌಲ್ಯವುಳ್ಳ ದಾಖಲೆ.

12. ಧ್ವನಿಮುದ್ರಿಕೆಗಳು

ಸ್ಟುಡಿಯೊದಲ್ಲಿ ಅವರು ಪೂರ್ಣಗೊಳಿಸಿ ಪ್ರಕಟಣೆಗೆ ಬಂದವು ನಾಲ್ಕು ಆಪೆರಾ ('ಫ್ರೈಶ್ಯೂಟ್ಸ್', 'ಫ್ಲೇಡರ್‌ಮೌಸ್', 'ಲಾ ಟ್ರಾವಿಯಾಟಾ', 'ಟ್ರಿಸ್ಟನ್'), ಐದು ಸಿಂಫನಿ (ಬೀಥೋವನ್ 5 ಮತ್ತು 7, ಶೂಬರ್ಟ್ 3 ಮತ್ತು 8, ಬ್ರಾಮ್ಸ್ 4), ಪಿಯಾನೋ ವಾದಕ ರಿಕ್ಟರ್ ಅವರೊಂದಿಗೆ ದ್ವೊರ್ಷಾಕ್‌ನ ಪಿಯಾನೋ ಕಾನ್ಸೆರ್ಟೊ. ಎಲ್ಲವೂ 1973ರಿಂದ 1982ರ ಒಳಗೆ. 'ಪೂರ್ಣಗೊಳಿಸಿ' ಎಂಬ ಮಾತು 'ಟ್ರಿಸ್ಟನ್' ವಿಷಯದಲ್ಲಿ ಸಡಿಲ: 1980ರಲ್ಲಿ ಡ್ರೆಸ್ಡೆನ್‌ನಲ್ಲಿ ಕ್ಲೈಬರ್ ನಡುವೆಯೇ ಹೊರಟುಹೋದರು, ಮುದ್ರಿತವಾದ ತುಣುಕುಗಳಿಂದ ಆಪೆರಾವನ್ನು ಜೋಡಿಸಬೇಕಾಯಿತು. ಹೊದಿಕೆಯ ಮೇಲಿನ ತೇದಿಗಳು 1982ರವರೆಗೆ ಚಾಚಿರುವುದಕ್ಕೆ ಇದೇ ಕಾರಣವಿರಬೇಕು. ಮತ್ತೆ ಅವರು ಸ್ಟುಡಿಯೊಗೆ ಹೋಗಲಿಲ್ಲ.

ಬೀಥೋವನ್‌ನ ಆರನೆಯ ಸಿಂಫನಿಯದು ಬೇರೆ ರೀತಿಯ ತೊಡಕು. ಅದನ್ನು ಅವರು ನಿರ್ದೇಶಿಸಿದ್ದು 1983ರ ನವೆಂಬರ್ 7ರಂದು, ಮ್ಯೂನಿಕ್‌ನಲ್ಲಿ. ಮುದ್ರಿಕೆ ಹೊರಬಂದದ್ದು ಸುಮಾರು ಇಪ್ಪತ್ತು ವರ್ಷಗಳ ನಂತರ, ಮಗನಿಗಾಗಿ ಮಾಡಿಟ್ಟಿದ್ದ ಕ್ಯಾಸೆಟ್ ಪ್ರತಿಯ ಆಧಾರದಿಂದ. ಪ್ರಕಟಣೆಯ ವರ್ಷದ ಪ್ರಕಾರ ಜೋಡಿಸಿದ ಪಟ್ಟಿಗಳಲ್ಲಿ ಇದು ಅವರ 'ಕೊನೆಗಾಲದ ಶೈಲಿ'ಯ ಪಕ್ಕದಲ್ಲಿ ಕೂರುತ್ತದೆ. ಅದರ ಮೇಲೆ ತೀರ್ಮಾನಗಳನ್ನು ಕಟ್ಟಿದ ವಿಮರ್ಶೆಗಳೂ ಇವೆ. ಆ ತೀರ್ಮಾನಗಳನ್ನು ಕೈಬಿಡಬೇಕು. 1993ರ ಮೇ ತಿಂಗಳಲ್ಲಿ ವಿಯೆನ್ನಾದಲ್ಲಿ ಮುದ್ರಿಸಿಕೊಂಡ ಸ್ಟ್ರೌಸ್‌ನ 'ಹೆಲ್ಡೆನ್‌ಲೇಬೆನ್' ಪ್ರಕಟಣೆಗೆ ಅವರು ಜೀವಿತಕಾಲದಲ್ಲಿ ಒಪ್ಪಲೇ ಇಲ್ಲ. ಕ್ಲೈಬರ್ ಮುದ್ರಿಕೆಗಳ ಪಟ್ಟಿ ತಯಾರಿಸುವವರು ಪ್ರದರ್ಶನದ ತೇದಿ, ಪ್ರಕಟಣೆಯ ವರ್ಷ, ನಿರ್ದೇಶಕರ ಒಪ್ಪಿಗೆ ಇತ್ತೋ ಇಲ್ಲವೋ ಎಂಬ ಮೂರನ್ನೂ ಬೇರೆ ಬೇರೆ ಅಂಕಣಗಳಲ್ಲಿ ಕೊಡಬೇಕೆಂದು ಕೋರಿಕೆ.